ಉಡಿಗೆ ಬಂದ ರುಮಾಲು

ಕಾಗದದ ಪ್ರಕಾರ ಆ ಊರಿನ ಪಂಚಾಯಿತಿಗೆ ಐದು ಜನ ಸದಸ್ಯರಿದ್ದರು. ಕಾಗದ ಬರೆದವನು ನಾನೇ. ಮಳೆಗಾಲದ ನಡುವೆ ತಪಾಸಣೆಗೆಂದು ಹೋಗಿ ಚಾವಡಿಯೊಳಗೆ ಇಣುಕಿದರೆ, ಆ ಐವರಲ್ಲಿ ಒಬ್ಬ ಸತ್ತುಹೋಗಿದ್ದ. ಇನ್ನೊಬ್ಬ ತನ್ನ ಸ್ಥಾನವನ್ನು ಅಳಿಯನಿಗೆ ಕೊಟ್ಟುಬಿಟ್ಟಿದ್ದ. ಮತ್ತೊಬ್ಬನ ಜಾಗದಲ್ಲಿ ಅವನ ತಮ್ಮ ಚಕ್ಕಳಮಕ್ಕಳ ಹಾಕಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಸತ್ತವನ ಜಾಗವೂ ಖಾಲಿ ಇರಲಿಲ್ಲ. ನೌಕರಿಯಲ್ಲಿ ಎಷ್ಟೋ ವಿಚಿತ್ರ ನೋಡಿದ್ದೇನೆ, ಆದರೆ ಅವತ್ತಿನಂಥದ್ದನ್ನು ಇನ್ನೊಂದು ಸಲ ನೋಡಿದ್ದು ನೆನಪಿಲ್ಲ.

ಮೊದಲಿನಿಂದ ಹೇಳಿದರೇ ಇದು ಅರ್ಥವಾಗುವುದು.

ನಲವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೈದರಾಬಾದಿನ ನಿಜಾಮ ಸರ್ಕಾರ ರಾಜ್ಯದ ಆಡಳಿತವನ್ನು ಸುಧಾರಿಸುತ್ತೇವೆ, ಮೇಲಿನ ಅಧಿಕಾರದಲ್ಲಿ ಒಂದು ಪಾಲನ್ನು ಊರುಗಳಿಗೇ ಬಿಟ್ಟುಕೊಡುತ್ತೇವೆ ಎಂದು ಸಾರಿತ್ತು. ಅದರ ತುತ್ತತುದಿಯಲ್ಲಿದ್ದದ್ದು ಹಳ್ಳಿಯ ಪಂಚಾಯಿತಿ. ನಾನು ಹುಮನಾಬಾದಿನ ತಹಸೀಲು ಕಚೇರಿಯಲ್ಲಿ ಗಿರ್ದಾವರನಾಗಿದ್ದೆ. ಹಳ್ಳಿಯಿಂದ ಹಳ್ಳಿಗೆ ತಿರುಗಿ ಬೆಳೆ, ಗಡಿ, ಜಮೀನು ತನಿಖೆ ಮಾಡುವ ಕೆಲಸ ಅದು. ಅದರ ಮೇಲೆ ಪಂಚಾಯಿತಿ ಕಟ್ಟುವ ಹೊಣೆಯನ್ನೂ ನನ್ನ ಕೊರಳಿಗೆ ಕಟ್ಟಿದರು. ಮನೆ ಇದ್ದದ್ದು ಕಲ್ಯಾಣದಲ್ಲಿ. ಊರ ಹೆಸರಿಗೆ ಆಗಿನ್ನೂ ‘ಬಸವ’ ಸೇರಿರಲಿಲ್ಲ. ಕಲ್ಯಾಣ ನವಾಬರ ಜಾಗೀರು. ಹೊಸ ಕಾನೂನು ಜಾಗೀರಿನ ಗಡಿಯಾಚೆಗೇ ನಿಂತಿತ್ತು. ರಜೆಗೆ ಮನೆಗೆ ಹೋದರೆ ನೆರೆಯವರು, “ನಿಮ್ಮ ಪಂಚಾಯತಿ ನಮ್ಮ ಕಡಿ ಯಾವಾಗ ಬರ್ತದರಿ?” ಎಂದು ಕೇಳುತ್ತಿದ್ದರು. ಯಾವಾಗ ಬರುತ್ತದೆಂದು ನನಗೇನು ಗೊತ್ತು? ಆದರೂ ಗೊತ್ತಿದ್ದವನಂತೆ ತಲೆ ಆಡಿಸುತ್ತಿದ್ದೆ.

ಉರ್ದುವಿನಲ್ಲಿ ಬಂದ ಸುತ್ತೋಲೆಯನ್ನು ನಾನು ಎಷ್ಟು ಸಲ ಓದಿದ್ದೆನೋ. ದಾರಿ, ಬಾವಿ, ಊರಿನ ಸ್ವಚ್ಛತೆ, ಸಣ್ಣಪುಟ್ಟ ತಂಟೆ ಇವನ್ನೆಲ್ಲ ಇನ್ನು ಮೇಲೆ ಊರಿನವರೇ ಕೂತು ತೀರ್ಮಾನಿಸಬೇಕು ಎಂದಿತ್ತು ಅದರಲ್ಲಿ. ನಾನು ಅದನ್ನು ನಂಬಿದ್ದೆ. ಕಚೇರಿಯಲ್ಲಿ ಉಳಿದವರು ನಗುತ್ತಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ, ನಗುವವರನ್ನು ಕಂಡರೆ ಇನ್ನೂ ಬೇಗ.

ಹುಮನಾಬಾದಿಗೂ ಕಲ್ಯಾಣಕ್ಕೂ ನಡುವೆ, ಜಾಗೀರಿನ ಗಡಿಗೆ ಹತ್ತಿಕೊಂಡೇ ಇದ್ದ ಹಳ್ಳಿ ಅದು. ಬೇಸಿಗೆಯಲ್ಲಿ ಡಂಗುರ ಸಾರಿಸಿ ಜನರನ್ನು ಕೂಡಿಸಿದೆ. ಓಣಿ ಓಣಿಯಾಗಿ ಕೂತು, ಕೈ ಎತ್ತಿ ಒಬ್ಬೊಬ್ಬರನ್ನು ಆರಿಸಬೇಕು. ಒಬ್ಬನೂ ಕೈ ಎತ್ತಲಿಲ್ಲ. ಇದು ಹೊಸ ಬಿಟ್ಟಿಚಾಕರಿ, ಹೆಸರು ಕೊಟ್ಟವನನ್ನು ಸರ್ಕಾರ ಎಳೆದೊಯ್ಯುತ್ತದೆ ಎಂದು ಜನ ತಿಳಿದಿದ್ದರು. ಎರಡು ಸಲ ಸಭೆ ಕರೆದೆ, ಎರಡು ಸಲವೂ ಬರಿಗೈಲಿ ಹುಮನಾಬಾದಿಗೆ ಮರಳಿದೆ.

ನಮ್ಮ ತಹಸೀಲ್ದಾರರು ಹೈದರಾಬಾದಿನ ಕಡೆಯವರು. ಮೆದು ಮಾತಿನ, ಒಳ್ಳೆಯ ಮನಸ್ಸಿನ ಮನುಷ್ಯ. ಕನ್ನಡವನ್ನು ಉರ್ದುವಿನ ಹದದಲ್ಲಿ ಆಡುತ್ತಿದ್ದರು.

“ಅರೆ ಭಾಯಿ, ಖಾಲಿ ಕೈಲಿ ಕರೆದ್ರೆ ಯಾರು ಬರ್ತಾರೆ? ಇಜ್ಜತ್ ಕೊಡಬೇಕು. ಆರಿಸಿ ಬಂದವರಿಗೆ ಊರ ಮುಂದೆ ಒಂದೊಂದು ರುಮಾಲು ಕಟ್ಟಿಸಿ. ಆಮೇಲೆ ನೋಡಿ,” ಎಂದರು.

ರುಮಾಲು ಎಂಬ ಮಾತು ಊರು ಮುಟ್ಟಿದ ಮೇಲೆ ಎಲ್ಲ ಬದಲಾಯಿತು. ಮೂರನೆಯ ಸಭೆಗೆ ಗೋಡೆ ಹತ್ತಿ ನಿಲ್ಲುವಷ್ಟು ಜನ. ಊರಿನ ಕಂದಾಯ ವಸೂಲಿ ಮಾಡುವ ಮಾಲಿ ಪಾಟೀಲರು ಸರಪಂಚರಾದರು. ಕಿರಾಣಿ ಅಂಗಡಿಯ ಶೆಟ್ಟರು, ಇಬ್ಬರು ಅಣ್ಣತಮ್ಮಂದಿರ ಒಕ್ಕಲುಮನೆಯಿಂದ ಅಣ್ಣ, ನೇಕಾರರ ಓಣಿಯಿಂದ ಒಬ್ಬ ವಯಸ್ಸಾದ ಮೋಮಿನ್ ಪಂಗಡದ ಮುಸಲ್ಮಾನ ನೇಕಾರ ಸದಸ್ಯರಾದರು. ಐದನೆಯವನು ಕೆಳಕೇರಿಯ ಹಿರಿಯ. ಮುಟ್ಟಬಾರದೆಂದು ಊರು ದೂರ ಇಟ್ಟಿದ್ದ ಕೇರಿ ಅದು. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುವುದು ಅವನ ಕಸಬು. ಅವನನ್ನು ಸೇರಿಸಲೇಬೇಕೆಂದು ನಾನು ಹಟ ಹಿಡಿದೆ. ಕೇರಿಯವರು ಕೂತಲ್ಲಿಂದಲೇ ಎಲ್ಲರೂ ಕೈ ಎತ್ತಿದರು.

ಐದು ರುಮಾಲನ್ನೂ ನೇಕಾರ ತನ್ನ ಮಗ್ಗದ ಮೇಲೆಯೇ ನೇಯ್ದಿದ್ದ. ಬಿಳಿ ಮೈ, ಕೆಂಪು ಅಂಚು. ನಾಲ್ವರಿಗೆ ಊರ ಹಿರಿಯರು ಕಟ್ಟಿದರು. ಐದನೆಯವನ ಸರದಿ ಬಂದಾಗ ಹಿರಿಯರ ಕೈಗಳು ಬೆನ್ನ ಹಿಂದೆ ಹೋದವು. ನೇಕಾರ ಎದ್ದು ರುಮಾಲನ್ನು ಕೇರಿಯವರ ಕೈಗೆ ಕೊಟ್ಟ, ಅವರೇ ತಮ್ಮ ಹಿರಿಯನಿಗೆ ಕಟ್ಟಿದರು. ಹಲಗೆ ಬಾರಿಸಿದರು, ಬೆಲ್ಲ ಹಂಚಿದರು. ನಾನು ಇದೆಲ್ಲ ಶೋಭೆಗೆ ಎಂದುಕೊಂಡು ಸಂತೋಷದಿಂದ ನೋಡುತ್ತ ನಿಂತಿದ್ದೆ.

ಮೊದಲ ಸಭೆಯಲ್ಲೇ ಕೇರಿಯ ಹಿರಿಯ ಒಂದು ಮಾತು ಎತ್ತಿದ. ಸದಸ್ಯರೆಲ್ಲ ಒಂದೇ ಜಮಖಾನೆಯ ಮೇಲೆ ಕೂರಬೇಕೆಂದು ನಾನು ಹೇಳಿದ್ದೆ. ಉಳಿದವರು ಜಮಖಾನೆಯ ಒಂದು ಅಂಚನ್ನು ಹಿಂದಕ್ಕೆ ಮಡಚಿ, ಅವನು ಕೂರುವ ಕಡೆ ನೆಲ ಬಿಟ್ಟಿದ್ದರು. ಅವನು ಆ ನೆಲದ ಮೇಲೆ ಕೂತೇ ಮಾತಾಡಿದ.

“ನಮ್ಮ ಮಸಣ ಹಳ್ಳದ ಆಚಿ ಅದರಿ. ಮಳಿಗಾಲದಾಗ ಹಳ್ಳ ತುಂಬತದ, ಹೆಣ ದಾಟಸಾಕ ಬರೂದಿಲ್ಲ. ಪಾಟೀಲ್ರ ಹೊಲದ ಬದು ಹಿಡದು ಹೋದ್ರ ಹಳ್ಳನ ಅಡ್ಡ ಬರೂದಿಲ್ಲರಿ. ಇದ್ದವ್ರು ನಾವು ಹ್ಯಾಂಗರ ಹೋಗ್ತೀವಿ. ಸತ್ತವ್ರಿಗಿ ಒಂದು ದಾರಿ ಕೊಡ್ರಿ.”

ಪಾಟೀಲರ ಮುಖ ಬಿಗಿಯಿತು. ಆ ಬದುವಿನ ಪಕ್ಕದಲ್ಲೇ ಅವರ ರಾಶಿ ಮಾಡುವ ಕಣ ಇತ್ತು. ಕಣದ ಮಗ್ಗುಲಿಗೆ ಹೆಣ ಹೋದರೆ ಕಾಳು ಮನೆಗೆ ಹೇಗೆ ತರುವುದು ಎಂದು ಅವರ ವಾದ. ಶೆಟ್ಟರು ಪಾಟೀಲರ ಕಡೆ. ಒಕ್ಕಲುಮನೆಯ ಅಣ್ಣ ಮಾತ್ರ, “ನನ್ನ ಬಾವಿ ಚೀಲ ಹರದಾಗ ಹಗಲಿರುಳು ಅನ್ನದ ಹೊಲದುಕೊಟ್ಟಾನ ಈ ಮನಷ್ಯಾ. ನಾ ಇವನ ಕಡಿ,” ಎಂದ. ನೇಕಾರನೂ ಹೂಂ ಅಂದ. ಮೂರಕ್ಕೆ ಎರಡರಂತೆ ಠರಾವು ಪಾಸಾಯಿತು.

ಆದರೆ ಜಮೀನಿನ ವಿಷಯದಲ್ಲಿ ಒಂದು ಸಲ ಪಾಸಾದರೆ ಸಾಲದು. ನಡುವೆ ಕೆಲವು ತಿಂಗಳು ಬಿಟ್ಟು, ನನ್ನ ಎದುರಿಗೆ ಇನ್ನೊಂದು ಸಭೆಯಲ್ಲಿ ಅದೇ ಠರಾವು ಮತ್ತೆ ಪಾಸಾಗಬೇಕು. ಆಮೇಲೆ ಸರಪಳಿ ಹಿಡಿದು ಅಳತೆ, ಬಾಂದುಕಲ್ಲು ನೆಡುವುದು, ಸ್ಥಳದಲ್ಲೇ ಪಂಚನಾಮೆ ಬರೆದು ಸರಪಂಚರ ರುಜು. ಇಷ್ಟಾಗಿ ಊರ ನಕ್ಷೆಗೆ ಏರಿದ ದಾರಿಯನ್ನು ಸುಲಭಕ್ಕೆ ಯಾರೂ ಅಳಿಸಲಾರರು. ಇದನ್ನು ಕೇರಿಯ ಹಿರಿಯನಿಗೆ ಬಿಡಿಸಿ ಹೇಳಿದೆ. ಅವನು ತಲೆಯ ಮೇಲಿನ ರುಮಾಲನ್ನು ಎರಡೂ ಕೈಯಿಂದ ಸರಿಪಡಿಸಿಕೊಂಡು, “ಕಾಯ್ತೀವಿ ಬಿಡ್ರಿ, ನಮಗ ರೂಢಿ ಅದ,” ಎಂದು ನಕ್ಕ. ಅವನನ್ನು ನಾನು ಕಂಡದ್ದು ಅದೇ ಕೊನೆ.

ಇನ್ನು ತಪಾಸಣೆಯ ದಿನಕ್ಕೆ ಬರುತ್ತೇನೆ. ಎರೆಮಣ್ಣಿನ ದಾರಿ, ಮೇಲೆ ಮಳೆ. ಸೈಕಲ್ಲಿನ ಗಾಲಿಗೆ ಮಣ್ಣು ಮೆತ್ತಿ ತಿರುಗದೆ ನಿಂತಿತು. ಅರ್ಧ ದಾರಿ ಅದು ನನ್ನನ್ನು ಹೊತ್ತಿತು, ಇನ್ನರ್ಧ ನಾನು ಅದನ್ನು ಹೊತ್ತೆ. ಆ ಸಿಟ್ಟಿನಲ್ಲಿಯೇ ಚಾವಡಿಗೆ ಹೋದರೆ ಒಳಗೆ ಈ ನೋಟ.

“ನೀವ್ಯಾಕ ಕುಂತೀರಿ? ನಿಮ್ಮಣ್ಣ ಎಲ್ಲಿ?” ಎಂದು ಎಲೆ ಅಡಿಕೆ ಮೆಲ್ಲುತ್ತಿದ್ದವನನ್ನು ಕೇಳಿದೆ.

“ಈಗ ನನ್ನ ಪಾಳಿರಿ ಸಾಹೇಬ್ರ. ಮುಂದಿನ ಮಳಿಗಾಲದತನಕ ನಾ. ಆಮ್ಯಾಲ ಮತ್ತ ಅಣ್ಣ.”

“ಪಾಳಿ ಅಂದ್ರ? ಇದೇನು ಬಾವಿ ನೀರೇನ್ರಿ ಪಾಳಿ ಹಚ್ಚಾಕ?”

“ಮನಿ ಒಂದ, ಹೊಲ ಒಂದರಿ. ರುಮಾಲ ಇಬ್ಬರದೂ ಅಲ್ಲೇನ್ರಿ?” ಎಂದು ಅವನು ನನ್ನನ್ನೇ ದಡ್ಡನಂತೆ ನೋಡಿದ.

ಶೆಟ್ಟರ ಜಾಗದಲ್ಲಿ ಹೊಸ ಅಂಗಿಯ ಒಬ್ಬ ತರುಣ ಕೂತಿದ್ದ. ಕೊಹಿನೂರು ಎಂಬ ಹಳ್ಳಿಯವನಂತೆ. ಹೆಣ್ಣು ಕೊಟ್ಟ ಮನೆಯಲ್ಲೇ ಉಳಿದ ಮನೆಅಳಿಯ. “ಮಾವಾರು ಲಗ್ನದಾಗ ಕೊಟ್ಟಾರ್ರಿ,” ಎಂದ. “ಏನು ಕೊಟ್ಟಾರ?” ಎಂದರೆ, “ಇದರಿ, ಈ ಜಾಗ. ಅಕ್ಕಿಕಾಳು ಬಿದ್ದ ಮ್ಯಾಲ ಅವರ ರುಮಾಲ ತಗದು ನನಗ ಕಟ್ಟಿದ್ರು,” ಎಂದು ಹೆಮ್ಮೆಯಿಂದ ಹೇಳಿದ. ಸರ್ಕಾರ ಕೊಟ್ಟ ಸದಸ್ಯತ್ವವನ್ನು ಈ ಮಹಾರಾಯ ಬಳುವಳಿಯಾಗಿ ತೆಗೆದುಕೊಂಡಿದ್ದ!

ಆಗ ಹೊಳೆಯಿತು. ಈ ಸೀಮೆಯಲ್ಲಿ ಪಾಟೀಲಕಿಯಾಗಲಿ ಪಟವಾರಿಕೆಯಾಗಲಿ ವತನ. ಅದು ಮನೆತನದ ಸ್ವತ್ತು. ಅಪ್ಪನಿಂದ ಮಗನಿಗೆ ಹೋಗುತ್ತದೆ, ಅಣ್ಣತಮ್ಮಂದಿರು ವರ್ಷಕ್ಕೊಬ್ಬರಂತೆ ಪಾಳಿಯಲ್ಲಿ ನಡೆಸುತ್ತಾರೆ, ಗಂಡು ಸಂತಾನ ಇಲ್ಲದಿದ್ದರೆ ಮನೆಅಳಿಯನಿಗೆ ಕೊಡುತ್ತಾರೆ. ವತನ ಸಿಕ್ಕಿತು ಎಂಬುದಕ್ಕೆ ಇರುವ ಒಂದೇ ಗುರುತು, ಊರ ಮುಂದೆ ಹಲಗೆ ಬಾರಿಸಿ ಕಟ್ಟುವ ರುಮಾಲು. ಸರ್ಕಾರ ರುಮಾಲು ಕಟ್ಟಿಸಿತ್ತು. ಊರು ಅದನ್ನು ವತನವೆಂದೇ ತೆಗೆದುಕೊಂಡಿತ್ತು. ಮೂರು ವರ್ಷದ ಅವಧಿ, ರಾಜೀನಾಮೆ, ಮರುಚುನಾವಣೆ ಎಂದು ನಾನು ಓದಿ ಹೇಳಿದ್ದೆಲ್ಲ ಹಲಗೆಯ ಸದ್ದಿನಲ್ಲಿ ಮುಳುಗಿಹೋಗಿತ್ತು.

ಅಷ್ಟರಲ್ಲಿ ಮಡಚಿದ ಜಮಖಾನೆಯ ಆಚೆ ಯಾರೋ ಎದ್ದು ನಿಂತರು. ಒಬ್ಬ ಹೆಂಗಸು. ತಲೆಯ ಮೇಲೆ ಸೆರಗು, ಸೊಂಟದ ಮುಂದೆ ಸೆರಗಿನ ಉಡಿ ಕಟ್ಟಿಕೊಂಡಿದ್ದಳು. ಉಡಿಯಲ್ಲಿ ಮಡಿಸಿಟ್ಟ ಬಿಳಿ ಬಟ್ಟೆ, ಕೆಂಪು ಅಂಚು.

“ನಾ ಅವನ ಹೆಣತಿರಿ,” ಎಂದಳು. “ನಮಗ ಮಕ್ಕಳಿಲ್ಲ. ಕೇರಿ ಮಂದಿ ಕೂಡಿ ರುಮಾಲ ನನ್ನ ಉಡಿಯೊಳಗ ಹಾಕ್ಯಾರ. ದಾರಿ ಮಾತು ಇನ್ನೊಂದ ಸಲ ಆಗಬೇಕಂತಲ್ರಿ? ಅದಕ್ಕ ಬಂದೀನಿ.”

ನಾನು ಕೇರಿಯ ಹಿರಿಯನ ಸಾವಿನ ಸುದ್ದಿಯನ್ನೇ ಕೇಳಿರಲಿಲ್ಲ. ಯಾವಾಗ, ಏನಾಗಿತ್ತು ಎಂದು ಕೇಳಿದೆ.

“ಮುಂಗಾರಿ ದೊಡ್ಡ ಮಳಿ ಹೊಡದಾಗರಿ. ಜರ ಬಂದಿತ್ತು. ಸತ್ತ ದಿನಾನ ಹಳ್ಳ ತುಂಬಿ ಬಂತು. ಬದುವಿನ ಮ್ಯಾಲಿಂದ ಒಯ್ತೀವಿ ಅಂತ ಕೇಳಿದ್ರ, ಠರಾವು ಇನ್ನೊಮ್ಮಿ ಆಗಬೇಕು, ಈಗ ಬಿಡೂದಿಲ್ಲ ಅಂದ್ರು ಪಾಟೀಲ್ರು. ಹಳ್ಳ ಇಳಿಯೂತನಕ ಮನ್ಯಾಗ ಇಟಗೊಂಡು ಕುಂತ್ವಿ. ಮಳಿ ನಿಂದರವಲ್ದು. ವಾಸನಿ ಬರಾಕತ್ತಿತು. ಬೇವಿನ ಸೊಪ್ಪು ಹೊಚ್ಚಿ ಕುಂತ್ವಿರಿ.”

ಅಳಲಿಲ್ಲ ಆಕೆ. ಬೆಳೆಯ ವಿಷಯ ಹೇಳುವಷ್ಟು ಸಮನಾಗಿ ಹೇಳಿದಳು. ಸತ್ತವರಿಗೆ ಒಂದು ದಾರಿ ಕೊಡಿ ಎಂದು ಕೇಳಿದವನ ಹೆಣವೇ ದಾರಿ ಇಲ್ಲದೆ ಮನೆಯಲ್ಲಿ ಕಾದಿತ್ತು. ಅದನ್ನು ತಡೆದದ್ದು ನಾನು ಓದಿ ಹೇಳಿದ ಅದೇ ನಿಯಮ. ರುಮಾಲಿನ ಅವಧಿ ಯಾರ ಕಿವಿಗೂ ಬೀಳಲಿಲ್ಲ, ಈ ನಿಯಮ ಮಾತ್ರ ಸರಿಯಾಗಿ ಬಿದ್ದಿತ್ತು.

ಪಾಟೀಲರು ನನ್ನನ್ನು ಹೊರಗೆ ಕರೆದರು. ಓದುಬರಹ ಬಲ್ಲವರು, ಕಾನೂನಿನ ಪುಸ್ತಕವನ್ನು ನನಗಿಂತ ಚೆನ್ನಾಗಿಯೇ ತಿರುವಿ ಹಾಕಿದ್ದರು.

“ಸಾಹೇಬ್ರ, ಹಳ್ಳಿ ಮಂದಿ, ತಿಳೀದ ಮಾಡ್ಯಾರ. ಅಣ್ಣತಮ್ಮಂದಿರು, ಶೆಟ್ಟರ ಅಳಿಯಾ, ಅದನ್ನೆಲ್ಲ ನೋಡೀನೂ ನೋಡದಂಗ ಇರ್ರಿ. ಆಕೀದೊಂದು ಜಾಗ ಖಾಲಿ ಅಂತ ಬರಕೊಳ್ರಿ. ಹೆಂಗಸು ಪಂಚಾಯತ್ಯಾಗ ಕೂಡೂದು ಚಂದ ಅಲ್ಲ. ನಾ ಒಬ್ಬ ಒಳ್ಳೆ ಮನಷ್ಯಾನ್ನ ಕೊಡ್ತೀನಿ.”

ಒಳ್ಳೆಯ ಮನುಷ್ಯ ಎಂದರೆ ಕೇರಿಯಲ್ಲೇ ಇದ್ದ ಅವರ ಹೊಲದ ಆಳು. ಲೆಕ್ಕ ನನಗೆ ಥಟ್ಟನೆ ಹೊಳೆಯಿತು. ಆ ಒಂದು ಸ್ಥಾನ ಹೋದರೆ ಮೂರು ಎರಡಾಗುತ್ತದೆ, ಎರಡು ಮೂರಾಗುತ್ತದೆ, ದಾರಿ ಮುಚ್ಚುತ್ತದೆ. ಎರಡನೆಯ ಸಭೆಯ ದಿನ ಆಗಲೇ ಡಂಗುರ ಹೊಡೆದು ಸಾರಿಯಾಗಿತ್ತು. ವಿಚಾರ ಮಾಡಿ ಹೇಳುತ್ತೇನೆಂದು ಸೈಕಲ್ಲು ಎಳೆದುಕೊಂಡು ಹೊರಟೆ.

ಕತ್ತಲಾಗುವ ಮೊದಲು ಕಲ್ಯಾಣ ಮುಟ್ಟಿದೆ. ನನ್ನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಆ ಊರಿನ ಮಂದಿಯನ್ನು ಬಾಯಿಗೆ ಬಂದಂತೆ ಬೈದೆ. ಸರ್ಕಾರದ ಹುದ್ದೆಯನ್ನು ಲಗ್ನದಲ್ಲಿ ಕೊಡುತ್ತಾರಂತೆ! ಆಕೆ ರೊಟ್ಟಿ ಮಗುಚುತ್ತ ನಕ್ಕಳು.

“ಮೂರೂ ಮಂದೀದು ತಪ್ಪು ಒಂದ ಅದ ಅಲ್ರಿ? ಪಾಟೀಲಗ ಆ ಹೆಣ್ಮಗಳ ತಪ್ಪು ಅಷ್ಟ ಕಾಣತದಲ್ಲ, ಅದ ನೋಡಿ ನಗು ಬಂತು.”

ಇಷ್ಟು ಸರಳವಾದದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಹುಮನಾಬಾದಿನಲ್ಲಿ ತಹಸೀಲ್ದಾರರ ಮುಂದೆ ನಿಂತು ವರದಿ ಒಪ್ಪಿಸಿದೆ, ಬಾಯಿಮಾತಿನಲ್ಲಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ವತನ?” ಎಂದರು. “ಅಳಿಯನಿಗೆ?” ಎಂದರು. ನಗುತ್ತಾರೋ ಬೈಯುತ್ತಾರೋ ತಿಳಿಯಲಿಲ್ಲ. ರುಮಾಲಿನ ಸಲಹೆ ಅವರದೇ ಎಂದು ನಾನೂ ನೆನಪಿಸಲಿಲ್ಲ, ಅವರೂ ಮರೆತಿರಲಿಲ್ಲ. ಹೆಣ ಕಾದ ಮಾತು ಹೇಳಿದಾಗ ಮಾತ್ರ ಎದ್ದು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತರು.

“ಕಾನೂನು ಸಾಫ್ ಇದೆ,” ಎಂದರು ಅಲ್ಲಿಂದಲೇ. “ನಿಮ್ಮ ರಿಪೋರ್ಟ್ ಬರಹದಲ್ಲಿ ಬಂದ ದಿನ ಈ ಪಂಚಾಯಿತಿ ಬರ್ಖಾಸ್ತು. ಸುಗ್ಗಿ ಮುಗಿದ ಮೇಲೆ ಹೊಸ ಚುನಾವಣೆ. ನಾನು ಬೇರೆ ಏನೂ ಮಾಡಲಾರೆ.”

“ಬರಹದಲ್ಲಿ ಬರೋ ತನಕ?” ಎಂದೆ.

ಅವರು ತಿರುಗಿ ನನ್ನನ್ನು ನೋಡಿದರು. “ಬರೋ ತನಕ ನನಗೆ ಏನು ಗೊತ್ತು? ನಾನು ಹುಮನಾಬಾದಿನಲ್ಲಿ ಕೂತಿದೀನಿ.”

ತೀರ್ಮಾನ ಆದದ್ದು ಅಲ್ಲೇ, ಆ ಮೇಜಿನ ಮುಂದೆ. ಮೊದಲು ಸಭೆ, ಆಮೇಲೆ ವರದಿ. ಸುಳ್ಳು ಒಂದಕ್ಷರ ಬರೆಯುವುದಿಲ್ಲ. ಯಾರ ಜಾಗದಲ್ಲಿ ಯಾರು ಕೂತರು, ಯಾರು ಯಾವ ಕಡೆ ಎಂದರು, ಎಲ್ಲ ಬರೆಯುತ್ತೇನೆ. ಆದರೆ ನಿಧಾನವಾಗಿ ಬರೆಯುತ್ತೇನೆ. ನೌಕರಿಗೆ ಸಂಚಕಾರ ಬಂದರೂ ಬರಲಿ ಎಂಬ ಧೈರ್ಯ ಅದು ಎಂದು ಹೇಳಿಕೊಳ್ಳಲಾರೆ. ಸಿಟ್ಟು ಎಂದರೆ ಹೆಚ್ಚು ನಿಜ.

ಎರಡನೆಯ ಸಭೆಯ ದಿನ ಮಳೆ ಬಿಡುವು ಕೊಟ್ಟಿತ್ತು. ಚಾವಡಿಯ ಮಗ್ಗುಲಿಗೇ ಪಾಟೀಲರ ವಾಡೆ. ವಾಡೆಯ ಕಟ್ಟೆಯ ಮೇಲೆ ಪಾಟೀಲರ ತಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ಕಣ್ಣು ಮಂದವಾಗಿತ್ತು, ಕಲ್ಲು ಕಾಳನ್ನು ಬೆರಳಿನಿಂದಲೇ ಆರಿಸುತ್ತಿದ್ದರು. ಚಾವಡಿಗೆ ಮುಂದಿನ ಗೋಡೆ ಇರಲಿಲ್ಲ. ಒಳಗಿನ ಮಾತೆಲ್ಲ ಕಟ್ಟೆಗೆ ಕೇಳುತ್ತಿತ್ತು.

ನಾನು ಕೂತ ತಕ್ಷಣ ಪಾಟೀಲರು ಅರ್ಜಿ ಮುಂದಿಟ್ಟರು. ಕೇರಿಯ ಸದಸ್ಯ ಸತ್ತಿದ್ದಾನೆ, ಆ ಜಾಗ ಖಾಲಿ ಎಂದು ಸಾರಬೇಕು, ಆಮೇಲೆಯೇ ಠರಾವು.

“ಆಗಲಿ,” ಎಂದೆ. “ಹಂಗಾದ್ರ ಅಣ್ಣನ ಜಾಗದಾಗ ತಮ್ಮ ಕುಂತಾನ, ಅದೂ ಖಾಲಿ. ಮಾವನ ಜಾಗದಾಗ ಅಳಿಯಾ ಕುಂತಾನ, ಅದೂ ಖಾಲಿ. ಐದರಾಗ ಮೂರು ಹೋದ ಮ್ಯಾಲ ಪಂಚಾಯತಿ ಎಲ್ಲಿ ಉಳೀತು? ನಿಮ್ಮ ಸರಪಂಚಕಿನೂ ಹೋತು. ಮೂರೂ ತಗೀಲೇನ್ರಿ, ಮೂರೂ ಇಡಲೇನ್ರಿ? ಒಂದ ತಗಿಯಾಕ ಬರೂದಿಲ್ಲ.”

ಅಳಿಯ ಗಾಬರಿಯಾಗಿ ತಲೆಯ ರುಮಾಲು ಹಿಡಿದುಕೊಂಡ. ಜನರಲ್ಲಿ ಗುಜುಗುಜು ಎದ್ದಿತು. ಪಾಟೀಲರು ಸೋಲುವ ಕುಳವಲ್ಲ.

“ಗಂಡಸರ ಮಾತ ಬ್ಯಾರೆರಿ,” ಎಂದರು ಧ್ವನಿ ಏರಿಸಿ. “ರುಮಾಲ ಅಂದ್ರ ತಲಿಗಿ ಕಟ್ಟೂದು. ಈ ಊರಾಗ ಎಂದರ ಹೆಂಗಸಿನ ಉಡಿಯೊಳಗ ರುಮಾಲ ಹಾಕಿ ಅದಕ್ಕ ವತನ ಅಂದದ್ದು ಅದ ಏನು? ಕೇಳ್ರಿ ಬೇಕಾದವ್ರನ್ನ.”

ಮೊರದ ಸದ್ದು ನಿಂತಿತು.

“ಏ ಅಪ್ಪಾ,” ಎಂದಿತು ಕಟ್ಟೆಯಿಂದ ಒಂದು ತೆಳು ಧ್ವನಿ. “ನನ್ನ ಕೇಳು.”

ಪಾಟೀಲರು ತಿರುಗಿದರು. “ಅವ್ವಾ, ನೀ ಒಳಗ ನಡಿ.”

“ನಿಮ್ಮಪ್ಪ ಸತ್ತಾಗ ನೀ ತೊಟ್ಟಲದಾಗ ಇದ್ದಿ. ಊರ ಮಂದಿ ರುಮಾಲ ಹಿಡಕೊಂಡು ಬಂದ್ರು. ನಿನಗ ಅದು ನಿಲ್ಲೂವಷ್ಟು ತಲೀನ ಇರಲಿಲ್ಲ. ಇದ ಚಾವಡ್ಯಾಗ ನನ್ನ ಉಡಿಯೊಳಗ ಹಾಕಿದ್ರು. ನಿನಗ ಮೀಸಿ ಬರೂತನಕ ಈ ಊರ ಪಾಟೀಲಕಿ ಎಲ್ಲಿ ಇತ್ತೋ? ಹೇಳು, ಎಲ್ಲಿ ಇತ್ತು?”

ನಾನು ಪಾಟೀಲರ ಮುಖ ನೋಡಿದೆ. ಹೆದರಿದ ಮಗುವಿನ ಮುಖವಾಗಿತ್ತು ಅದು. ಆ ಹೆಂಗಸಿನ ಉಡಿಯ ರುಮಾಲು ಸುಳ್ಳಾದರೆ ತನ್ನ ಪಾಟೀಲಕಿಯೂ ಸುಳ್ಳು ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದುಹೋಗಿತ್ತು. ಆಯಿ ಮತ್ತೆ ಮೊರ ಎತ್ತಿಕೊಂಡರು. ಕೇರಿಯ ಹೆಂಗಸಿನ ಕಡೆ ಒಮ್ಮೆಯೂ ನೋಡಲಿಲ್ಲ. ಆಕೆಗೆ ಕನಿಕರವೋ, ತನ್ನ ಹಳೆಯ ದಿನಗಳನ್ನು ಮಗ ಮರೆತನಲ್ಲ ಎಂಬ ಸಂಕಟವೋ, ನನಗೆ ಇಂದಿಗೂ ಗೊತ್ತಿಲ್ಲ.

ಠರಾವು ಓದಿದೆ. ಪಾಟೀಲರು ಬೇಡ ಎಂದರು. ಅಳಿಯ ಮಾವನ ಮಾತಿನಂತೆ ಬೇಡ ಎಂದ. ನೇಕಾರ ಬೇಕು ಎಂದ. ಎಲ್ಲರ ಕಣ್ಣು ಒಕ್ಕಲುಮನೆಯ ತಮ್ಮನ ಮೇಲೆ. ಅವನು ಪಾಟೀಲರ ಜೊತೆ ಓಡಾಡುವವನು, ಅಣ್ಣನ ಸ್ವಭಾವವೇ ಬೇರೆ ಎಂದು ನನಗೆ ಹೇಳಿದ್ದರು. ಅವನು ಎಲೆ ಉಗುಳಿ ಬಂದು ಕೂತ.

“ಹೋದ ಸಲ ಈ ಜಾಗ ಬೇಕು ಅಂದದ. ಪಾಳಿ ಬದಲಾತು ಅಂತ ಜಾಗದ ಮಾತು ಬದಲಾಗತದೇನ್ರಿ? ಬೇಕು.”

ನನ್ನ ಕಾನೂನಿನ ಪುಸ್ತಕದಲ್ಲಿ ಎಲ್ಲೂ ಇಲ್ಲದ ಮಾತು. ಅದನ್ನು ಕೇಳಿ ನಾನು ಬೆರಗಾದೆ. ಕೊನೆಗೆ ಆ ಹೆಂಗಸು ಉಡಿಯ ಮೇಲೆ ಕೈಯಿಟ್ಟು, “ಬೇಕ್ರಿ,” ಎಂದಳು. ಪಾಟೀಲರು ಯಾರನ್ನೂ ನೋಡದೆ ರುಜು ಹಾಕಿದರು. ಲೇಖಣಿ ಎರಡು ಸಲ ಮಸಿಗೆ ಅದ್ದಬೇಕಾಯಿತು.

ಊಟಕ್ಕೂ ನಿಲ್ಲದೆ ಹೊಲಕ್ಕೆ ಹೋದೆವು. ತೊಗರಿ ಎದೆಮಟ್ಟ ಬೆಳೆದಿತ್ತು. ಈ ತುದಿಯಿಂದ ಆ ತುದಿಗೆ ಗೆರೆ ಕಾಣಬೇಕಾದರೆ ಬಿದಿರು ಕೋಲಿಗೆ ಬಟ್ಟೆಯ ಝಂಡಿ ಕಟ್ಟಿ ನೆಡಬೇಕು. ನನ್ನ ಚೀಲ ಬಿಚ್ಚಿದರೆ ಕಚೇರಿಯ ಝಂಡಿಗಳನ್ನು ಇಲಿಗಳು ಚಿಂದಿ ಮಾಡಿದ್ದವು. ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಬಟ್ಟೆ ಕೊಡಿ ಎಂದೆ. ಬದುವಿನ ಮೇಲೆ ಊರವರೆಲ್ಲ ನಿಂತಿದ್ದರು. ಯಾರೂ ಅಲ್ಲಾಡಲಿಲ್ಲ. ಕೇರಿಯವರ ಮೈಮೇಲೆ ಇದ್ದದ್ದೇ ಒಂದೊಂದು ತುಂಡು. ಪಾಟೀಲರು ದೂರದಲ್ಲಿ ಕೈಕಟ್ಟಿ ನಿಂತು, “ನಾಳಿ ಮಾಡೂಣ ತಗೋರಿ,” ಎಂದರು.

ನಾಳೆ ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ರುಜು ಹಾಕಿದ ಕೈ ರಾತ್ರಿ ಕಳೆದರೆ ತಕರಾರು ಬರೆಯುತ್ತದೆ. ಆ ಹೆಂಗಸಿಗೆ ಮುಚ್ಚಿಡುವುದು ಬೇಡ ಎನಿಸಿ ಹತ್ತಿರ ಹೋದೆ.

“ಯವ್ವಾ, ನಿನಗೊಂದು ಹೇಳಬೇಕು. ನಾ ಹುಮನಾಬಾದಕ್ಕ ಹೋಗಿ ವರದಿ ಕೊಟ್ಟ ಮ್ಯಾಲ ಈ ಪಂಚಾಯತಿ ಉಳಿಯೂದಿಲ್ಲ. ನಿನ್ನ ಜಾಗಾನೂ ಹೋಗ್ತದ. ಹೊಸದಾಗಿ ಆರಸ್ತಾರ. ಆವಾಗ ನಿನ್ನ ಯಾರೂ ಆರಸಲಿಕ್ಕಿಲ್ಲ.”

“ದಾರಿ?” ಎಂದಳು.

“ಇವತ್ತು ಕಲ್ಲು ನಟ್ರ ದಾರಿ ಉಳೀತದ.”

ಆಕೆ ಹಳ್ಳದ ಕಡೆ ಒಮ್ಮೆ ನೋಡಿದಳು. ಆಮೇಲೆ ಉಡಿ ಬಿಚ್ಚಿ ರುಮಾಲನ್ನು ಹೊರತೆಗೆದಳು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಎಳೆದಳು. ಚರ್‍ರೆಂದು ಸದ್ದು. ಬದುವಿನ ಮೇಲೆ ನಿಂತವರೆಲ್ಲ ಹೌಹಾರಿದರು. ನೇಕಾರ ಎದೆಯ ಮೇಲೆ ಕೈಯಿಟ್ಟುಕೊಂಡ. ರುಮಾಲು ಹರಿಯುವುದನ್ನು ಆ ಊರು ಎಂದೂ ನೋಡಿರಲಿಲ್ಲ. ಮನೆ ಮಾರುತ್ತಾರೆ, ಹೊಲ ಮಾರುತ್ತಾರೆ, ರುಮಾಲು ಹರಿಯುವುದಿಲ್ಲ. ಇಷ್ಟು ದಿನ ಅದನ್ನು ವತನ ಎಂದವರನ್ನು ಬೈದವನು ನಾನು, ಈಗ ಅದು ಹರಿದಾಗ ನನ್ನ ಕೈಯೇ ಬೇಡ ಎಂದು ಮುಂದಕ್ಕೆ ಹೋಗಿತ್ತು.

“ಏ, ಏ! ರುಮಾಲ ಹರೀತಾರೇನು? ಗಂಡನ ರುಮಾಲ ಅದು!” ಎಂದು ಪಾಟೀಲರು ಕೂಗಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

“ಇದನ್ನ ತಲಿಗಿ ಸುತ್ತಾಕ ನನಗ ಬರೂದಿಲ್ಲರಿ ಪಾಟೀಲ್ರ,” ಎಂದಳು ಆಕೆ, ಇನ್ನೊಂದು ಪಟ್ಟಿ ಹರಿಯುತ್ತ. “ದಾರಿ ಎಲ್ಲಿ ಅದ ಅಂತ ತೋರಸಾಕ ಬರ್ತದಲ್ಲ. ಕಟ್ರಿ ಸಾಹೇಬ್ರ.”

ಕಟ್ಟಿದೆ. ಬಿಳಿ ಪಟ್ಟಿಗಳು ತೊಗರಿಯ ಮೇಲೆ ಒಂದರ ಹಿಂದೆ ಒಂದು ನಿಂತವು. ಗೆರೆ ಚೊಕ್ಕವಾಗಿ ಕಂಡಿತು. ಸರಪಳಿ ಎಳೆದೆವು, ಗೂಟ ಹೊಡೆದೆವು, ಬಾಂದುಕಲ್ಲು ನೆಟ್ಟೆವು. ಹೊತ್ತು ಮುಳುಗುವ ಮೊದಲೇ ಪಂಚನಾಮೆಗೆ ಪಾಟೀಲರ ರುಜು, ಉಳಿದವರ ಹೆಬ್ಬೆಟ್ಟು ಬಿತ್ತು. ರುಜು ಹಾಕುವಾಗ ಪಾಟೀಲರು ಕೋಲಿನ ಮೇಲಿನ ಬಟ್ಟೆಯನ್ನೇ ನೋಡುತ್ತಿದ್ದರು.

ವರದಿ ಕೊಟ್ಟೆ. ಪಂಚಾಯಿತಿ ಬರ್ಖಾಸ್ತಾಯಿತು. ನನಗೂ ಒಂದು ಖಾರವಾದ ಎಚ್ಚರಿಕೆಯ ಪತ್ರ ಬಂತು, ತಹಸೀಲ್ದಾರರ ಕೈಯಿಂದಲೇ. ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ, ಚಹಾ ತರಿಸಿದರು. ಸುಗ್ಗಿಯ ಮೇಲೆ ನಡೆದ ಚುನಾವಣೆಯಲ್ಲಿ ರುಮಾಲು ಇರಲಿಲ್ಲ. ಕೇರಿಯಿಂದ ಪಾಟೀಲರ ಆಳು ಆರಿಸಿ ಬಂದ. ಅಧಿಕಾರ ಕೆಳಗೆ ಇಳಿಯುತ್ತದೆ ಎಂದು ನಂಬಿದ್ದ ನನಗೆ ಅದು ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ಅವತ್ತು ಕಂಡಿತು. ಬಹಳ ದಿನ ಬಾಯಿ ಕಹಿಯಾಗಿಯೇ ಇತ್ತು.

ಮುಂದಿನ ಮಳೆಗಾಲದಲ್ಲಿ ಹುಮನಾಬಾದಿನ ಸಂತೆಯಲ್ಲಿ ಆಕೆ ಎದುರಾದಳು. ತಲೆಯ ಮೇಲೆ ಬೇವಿನ ಕಡ್ಡಿಯ ಹೊರೆ. ನಿಂತು ಮಾತಾಡಿಸಿದೆ. ಕೇರಿಯಲ್ಲಿ ಹೇಗಿದೆ ಎಂದೆ.

“ಹೋದ ವಾರ ನಮ್ಮ ಓಣ್ಯಾಗ ಒಂದು ಮುದಕಿ ಸತ್ಳರಿ,” ಎಂದಳು. “ಹಳ್ಳ ತುಂಬಿತ್ತು.”

“ಮತ್ತ, ಏನ ಮಾಡಿದ್ರಿ?” ಎಂದೆ.

“ಕಾಯಲಿಲ್ಲ ನಾವು,” ಎಂದು ಹೊರೆ ಸರಿಪಡಿಸಿಕೊಂಡು ಆಕೆ ಮುಂದೆ ನಡೆದಳು.